ಗೋಡೆಗೆ ಪೇಂಟು, ಎದೆಗೆ ಸಿರಪ್ಪು

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದರೆ ಬಾಗಿಲು ತೆಗೆಯುತ್ತಿದ್ದ ಹಾಗೇ ಮೂಗಿಗೆ ಬಡಿಯುವುದು ಹೊಸ ಪೇಂಟಿನ ವಾಸನೆ. ಬ್ರೋಕರ್ ಅದನ್ನೇ ದೊಡ್ಡದು ಮಾಡಿ ಹೇಳುತ್ತಾನೆ. "ನೋಡಿ ಮೇಡಂ, ಫ್ರೆಶ್ ಪೇಂಟ್ ಮಾಡ್ಸಿದಾರೆ, ಬಂದು ಹಾಲು ಉಕ್ಕಿಸೋದೊಂದೇ ಬಾಕಿ." ನನಗೀಗ ಆ ವಾಸನೆ ಬಂದರೆ ಖುಷಿಗಿಂತ ಅನುಮಾನವೇ ಜಾಸ್ತಿ. ಹಾಲ್ ಎಷ್ಟು ದೊಡ್ಡದಿದೆ, ಬಾಲ್ಕನಿ ಇದೆಯಾ ಅಂತ ನೋಡುವ ಮುಂಚೆ ಮೂಲೆಗಳ ಕಡೆ ಹೋಗುತ್ತೇನೆ. ಸ್ಕರ್ಟಿಂಗ್ ಮೇಲೆ ಒಂದು ಗೇಣಿನಷ್ಟು ಗೋಡೆ ಉಬ್ಬಿದೆಯಾ, ಬೆರಳಲ್ಲಿ ಒತ್ತಿದರೆ ಪುಟ್ಟಿ ಒಳಗೆ ಹೋಗುತ್ತದಾ, ಬಾತ್‌ರೂಮಿನ ಹಿಂದಿನ ಗೋಡೆ ಯಾವ ರೂಮಿಗೆ ಬರುತ್ತದೆ, ಮಹಡಿ ಮನೆಯವರ ಬಾತ್‌ರೂಮ್ ನಮ್ಮ ಯಾವ ರೂಮಿನ ತಲೆ ಮೇಲಿದೆ. ಗೋಡೆ ಕಪಾಟಿನ ಬಾಗಿಲು ತೆಗೆದು ಮೂಗು ತೂರಿಸುತ್ತೇನೆ. ಪೇಂಟಿನವರು ಗೋಡೆಗಳನ್ನು ಬಳಿದು ಹೋಗುತ್ತಾರೆ, ಕಪಾಟಿನ ಒಳಗೆ ಯಾರೂ ಕೈ ಹಾಕುವುದಿಲ್ಲ. ಮುಗ್ಗಲು ವಾಸನೆ ಇದ್ದರೆ ಅಲ್ಲೇ ಸಿಗುತ್ತದೆ. ನಮ್ಮ ಮನೆಯವರಿಗೆ ಇದೆಲ್ಲ ಮುಜುಗರ. ಓನರ್ ಎದುರಿಗೆ ಹೀಗೆಲ್ಲ ಮೂಸಿ ನೋಡಬೇಡ ಮಾರಾಯ್ತಿ ಅನ್ನುತ್ತಾರೆ.

ಕೇಳಿದರೆ ಓನರ್‌ಗಳ ಉತ್ತರ ಹೆಚ್ಚುಕಮ್ಮಿ ಒಂದೇ. "ಅಯ್ಯೋ ಅದಾ, ಮಳೆಗಾಲದಲ್ಲಿ ಸ್ವಲ್ಪ ಶೀತ ಅಷ್ಟೇ. ಎಲ್ಲಾ ಮನೇಲೂ ಇದ್ದದ್ದೇ." ನಿಜ, ಎಲ್ಲಾ ಮನೆಯಲ್ಲೂ ಇದೆ. ಎಲ್ಲಾ ಕಡೆ ಇದೆ ಅನ್ನುವುದೇ ಸಮಾಧಾನ ಆಗಿಬಿಟ್ಟಿದೆಯಲ್ಲ, ನನ್ನ ತಕರಾರು ಅದು. ಗೋಡೆ ಕಪ್ಪಾದರೆ ನೋಡೋಕೆ ಚೆನ್ನಾಗಿರಲ್ಲ, ಹಾಗಾಗಿ ಬಳಿಸಬೇಕು. ನಾವು ಬೂಷ್ಟಿನ ಬಗ್ಗೆ ಯೋಚಿಸುವುದು ಇಷ್ಟೇ. ಆ ಗೋಡೆಗೆ ತಲೆ ಹಾಕಿ ಮಲಗುವವರು ರಾತ್ರಿಯೆಲ್ಲಾ ಏನು ಉಸಿರಾಡುತ್ತಾರೆ ಅನ್ನುವುದು ಈ ಮಾತಿನೊಳಗೆ ಬರುವುದೇ ಇಲ್ಲ.

ಬೀರುವಿನ ಹಿಂದೆ

ಮುಂಚೆ ನಾವಿದ್ದದ್ದು ಗ್ರೌಂಡ್ ಫ್ಲೋರ್ ಮನೆ. ಅಲ್ಲಿ ಮಗಳಿಗೆ ರಾತ್ರಿ ಹೊತ್ತು ಮಾತ್ರ ಬರುವ ಒಂದು ಕೆಮ್ಮು ಅಂಟಿಕೊಂಡಿತು. ಹಗಲೆಲ್ಲಾ ಕುಣಿದಾಡಿಕೊಂಡಿರುವ ಮಗು ಬೆಳಗಿನ ಜಾವ ಎದ್ದು ಕೂತು ಕೆಮ್ಮುತ್ತಿತ್ತು. ಎದೆಗೆ ಕಿವಿ ಇಟ್ಟರೆ ಸುಂಯ್ ಅನ್ನುವ ಸದ್ದು. ಡಾಕ್ಟರು ಒಳ್ಳೆಯವರೇ. ಮನೆಯಲ್ಲಿ ನಾಯಿ ಇದೆಯಾ, ಯಾರಾದರೂ ಸಿಗರೇಟು ಸೇದುತ್ತಾರಾ, ಊದುಬತ್ತಿ ಜಾಸ್ತಿ ಹಚ್ಚುತ್ತೀರಾ, ಎಲ್ಲಾ ಕೇಳಿದರು. ಗೋಡೆ ಒದ್ದೆ ಇದೆಯಾ ಅಂತ ಮಾತ್ರ ಕೇಳಲಿಲ್ಲ. ಡಸ್ಟ್ ಅಲರ್ಜಿ ಅಂದರು. ಸಿರಪ್ಪು ಆಯಿತು, ನೆಬ್ಯುಲೈಸರ್ ಆಯಿತು, ಆಮೇಲೆ ಸ್ಪೇಸರ್ ಹಾಕಿ ಎಳೆಯುವ ಇನ್‌ಹೇಲರ್. ದಸರಾ ರಜೆಗೆ ಚಳ್ಳಕೆರೆಯ ಅತ್ತೆ ಮನೆಗೆ ಹೋದಾಗ ಕೆಮ್ಮು ಮಾಯ. ವಾಪಸ್ ಬಂದು ವಾರ ಕಳೆಯುವುದರೊಳಗೆ ಮತ್ತೆ ಶುರು. "ಬೆಂಗಳೂರು ಹವಾ ಮಗೀಗೆ ಆಗಿ ಬರಲ್ಲ ಕಣಮ್ಮ" ಅಂದರು ಅತ್ತೆ. ಅದೇ ಹವಾದಲ್ಲಿ ನಮ್ಮ ಬೀದಿಯ ಬೇರೆ ಮಕ್ಕಳು ಆರಾಮಾಗಿದ್ದವು.

ಗೊತ್ತಾಗಿದ್ದು ರೂಮಿನ ಪ್ಲಗ್ ಪಾಯಿಂಟ್ ಕೆಟ್ಟಾಗ. ಎಲೆಕ್ಟ್ರಿಷಿಯನ್ ಬಂದು ಬೀರು ಸರಿಸಿ ಅಂದ. ಬಟ್ಟೆಯೆಲ್ಲಾ ಇಳಿಸಿ, ಕಾಲಿನ ಕೆಳಗೆ ಹಳೇ ಗೋಣಿ ಹಾಕಿ ಎಳೆದೆವು. ಗೋಡೆಯ ಮೇಲೆ ನೆಲದಿಂದ ಸೊಂಟದವರೆಗೂ ಕಪ್ಪು. ಹತ್ತಿರ ಹೋಗಿ ನೋಡಿದರೆ ಅದು ಒಂದೇ ಕಪ್ಪಲ್ಲ. ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಚುಕ್ಕಿಗಳು, ನಡುವೆ ಒಂದಕ್ಕೊಂದು ಕೂಡಿಕೊಂಡು ಹಸಿರುಗಪ್ಪಾಗಿ, ಅಂಚಿನಲ್ಲಿ ಬೂದು ಬಣ್ಣಕ್ಕೆ ತಿರುಗಿ. ಬೀರುವಿನ ಹಿಂದಿನ ಪ್ಲೈವುಡ್ ಮೇಲೆ ಬಿಳಿ ನವಿರು. ಕೆಳಗಿನ ಖಾನೆಯಲ್ಲಿ ನನ್ನ ಹಳೇ ಲೆದರ್ ಬ್ಯಾಗು ಪೂರ್ತಿ ಬೆಳ್ಳಗಾಗಿತ್ತು. ಎಲೆಕ್ಟ್ರಿಷಿಯನ್ ಹುಡುಗ ಮೊಬೈಲ್ ಟಾರ್ಚ್ ಹಾಕಿ ಸ್ವಿಚ್ ಬೋರ್ಡ್ ಬಿಚ್ಚುವಾಗ ಆ ಬೆಳಕಿನಲ್ಲಿ ಸಣ್ಣ ಪುಡಿ ಏಳುವುದು ಕಾಣುತ್ತಿತ್ತು. ಅವನೇ ನಾಲ್ಕು ಸಲ ಸೀನಿದ. ಮಗಳ ದಿಂಬು ಅಲ್ಲಿಂದ ಎರಡು ಮೊಳ ದೂರ.

ಓನರ್ ಮೊದಲು ಕಳಿಸಿದ್ದು ಪೇಂಟರನ್ನು. ಅವನು ಕೆರೆದು, ಬ್ಲೀಚ್ ಹಾಕಿ ಒರೆಸಿ, ಪುಟ್ಟಿ ಹಚ್ಚಿ, ಡ್ಯಾಂಪ್‌ಪ್ರೂಫ್ ಅಂತ ಏನನ್ನೋ ಎರಡು ಕೋಟ್ ಹೊಡೆದು, ಇನ್ನು ಹತ್ತು ವರ್ಷ ಯೋಚನೆ ಇಲ್ಲ ಮೇಡಂ ಅಂತ ಹೇಳಿ ಹೋದ. ಆ ಗೋಡೆ ಯುಗಾದಿವರೆಗೂ ತಡೆಯಲಿಲ್ಲ. ಆಮೇಲೆ ನಮ್ಮವರೇ ಒಬ್ಬ ಪ್ಲಂಬರನ್ನು ಕರೆತಂದರು. ಅವರು ಗೋಡೆಯನ್ನು ನೋಡಲೇ ಇಲ್ಲ, ಸೀದಾ ಮಹಡಿಗೆ ಹೋಗಿ ಬಾತ್‌ರೂಮಿನ ನಹಾನಿ ಟ್ರ್ಯಾಪ್, ಅಂದರೆ ನೆಲದ ನೀರು ಹೋಗುವ ಜಾಲರಿ ಕಿಂಡಿ, ಅದರ ಪಕ್ಕ ಟೈಲ್ಸ್ ಬಿಡಿಸಿದರು. ಜಾಯಿಂಟ್ ಬಿಟ್ಟುಕೊಂಡಿತ್ತು. ಮೇಲಿನ ಮನೆಯವರು ಸ್ನಾನ ಮಾಡಿದಾಗಲೆಲ್ಲಾ ಸ್ವಲ್ಪ ಸ್ವಲ್ಪ ನೀರು ನಮ್ಮ ಗೋಡೆಯೊಳಗೆ ಇಳಿಯುತ್ತಿತ್ತು. ಅದನ್ನು ಸರಿ ಮಾಡಿದ ಮೇಲೂ ಗೋಡೆ ಒಣಗುವುದಕ್ಕೆ ಒಂದು ಬೇಸಿಗೆಯೇ ಬೇಕಾಯಿತು.

ಬೂಷ್ಟಿಗೆ ಬೇಕಾದ ಊಟ ಎಲ್ಲಾ ಮನೆಯಲ್ಲೂ ಇದೆ. ಮರ, ಪ್ಲೈವುಡ್ಡು, ಕಾಗದ, ಬಟ್ಟೆ, ಪೇಂಟಿನ ಮೇಲೆ ಕೂತ ಧೂಳು, ಏನಾದರೂ ಆದೀತು. ಅದರ ಬೀಜಕಣಗಳೂ ಎಲ್ಲಾ ಕಡೆ ತೇಲಾಡುತ್ತಿರುತ್ತವೆ. ಇಲ್ಲದಿರುವುದು ನೀರು ಒಂದೇ. ಒದ್ದೆಯಾದದ್ದು ಒಂದೆರಡು ದಿನ ಒಣಗದೆ ಉಳಿದರೆ ಸಾಕು, ಕೆಲಸ ಶುರು. ಪೈಪ್ ಸೋರಲೇಬೇಕು ಅಂತಿಲ್ಲ. ತಣ್ಣಗಿರುವ ಗೋಡೆಗೆ ಬೀರು ಒತ್ತಿ ಇಟ್ಟು ಹಿಂದೆ ಗಾಳಿ ಆಡದಂತೆ ಮಾಡಿದರೆ ಮನೆಯೊಳಗಿನ ಆವಿಯೇ ಅಲ್ಲಿ ನೀರಾಗಿ ಕೂರುತ್ತದೆ. ಸ್ನಾನ, ಅಡುಗೆ, ಮಳೆಗಾಲದಲ್ಲಿ ರೂಮಿನೊಳಗೆ ಹರವುವ ಬಟ್ಟೆ, ಎಲ್ಲದರ ಆವಿಯೂ ಎಲ್ಲಿಗಾದರೂ ಹೋಗಬೇಕಲ್ಲ. ಮನೆಯೊಳಗಿನ ತೇವಾಂಶ ಶೇ 60ರ ಒಳಗಿದ್ದರೆ ಒಳ್ಳೆಯದು ಅನ್ನುತ್ತಾರೆ. ಜುಲೈ ತಿಂಗಳಲ್ಲಿ ನಮ್ಮ ಕಡೆ ಆ ಲೆಕ್ಕ ಹಿಡಿದು ಕೂತರೆ ಮನೆ ಬಿಟ್ಟು ಹೋಗಬೇಕಾಗುತ್ತದೆ, ಆ ಮಾತು ಬೇರೆ.

ಇನ್ನು ಆರೋಗ್ಯದ ಮಾತು. ಆಸ್ಪರ್ಜಿಲಸ್, ಪೆನಿಸಿಲಿಯಂ ತರಹದ ಬೂಷ್ಟುಗಳ ಬೀಜಕಣ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣದು. ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದವರೆಗೂ ಹೋಗುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಅಲರ್ಜಿ ಇರುವವರಿಗೆ ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ, ಕೆಮ್ಮು ಬಿಡುವುದಿಲ್ಲ, ಉಬ್ಬಸ ಇದ್ದರೆ ಕೆರಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದರ ಮೇಲೆ ಒಂದು ಇಡೀ ಮಾರ್ಗಸೂಚಿಯನ್ನೇ ತಂದಿತು. ಒದ್ದೆ ಮನೆಗಳಲ್ಲಿ ಇರುವವರಿಗೆ ಉಸಿರಾಟದ ತೊಂದರೆ, ಸೋಂಕು, ಆಸ್ತಮಾ ಉಲ್ಬಣಿಸುವುದು ಜಾಸ್ತಿ ಅಂತ ಅದರಲ್ಲಿದೆ. ಇಷ್ಟು ಬೂಷ್ಟು ಇದ್ದರೆ ಪರವಾಗಿಲ್ಲ, ಇಷ್ಟಾದರೆ ಅಪಾಯ ಅನ್ನುವ ಅಂಕಿಯನ್ನು ಮಾತ್ರ ಅವರೂ ಕೊಟ್ಟಿಲ್ಲ. ತೇವವನ್ನೇ ತಡೆಯಿರಿ ಅಂದಿದ್ದಾರೆ. ನಮ್ಮ ಪ್ಲಂಬರ್ ಮಾಡಿದ್ದೂ ಅದನ್ನೇ. ಹಾಗಂತ ಮನೆಯ ಕಾಯಿಲೆಗಳೆಲ್ಲಾ ಬೂಷ್ಟಿನ ತಲೆಗೆ ಕಟ್ಟುವುದೂ ಸರಿಯಲ್ಲ. ತೇವ ಇರುವಲ್ಲಿ ಹಾಸಿಗೆಯ ಧೂಳುಹುಳಗಳೂ ಚೆನ್ನಾಗಿ ಬೆಳೆಯುತ್ತವೆ, ಅವೂ ಅಲರ್ಜಿ ತರುತ್ತವೆ. ಮಗಳಿಗೆ ಯಾವುದರಿಂದ ಎಷ್ಟಾಯಿತು ಅಂತ ಭಾಗ ಮಾಡಿ ಹೇಳಲು ನನಗಾಗುವುದಿಲ್ಲ. ಗೋಡೆ ಒಣಗಿತು, ಅವಳ ಮಂಚ ಇನ್ನೊಂದು ರೂಮಿಗೆ ಹೋಯಿತು, ರಾತ್ರಿ ಎದ್ದು ಕೂರುವುದು ನಿಂತಿತು. ಇನ್‌ಹೇಲರ್ ಈಗಲೂ ಡ್ರಾಯರಿನಲ್ಲಿದೆ, ಚಳಿಗಾಲದಲ್ಲಿ ಒಮ್ಮೊಮ್ಮೆ ಬೇಕಾಗುತ್ತದೆ.

ಬೂಷ್ಟು ಅಂದ ಕೂಡಲೇ ಯಾರಾದರೂ "ಅಯ್ಯೋ, ಬ್ಲ್ಯಾಕ್ ಫಂಗಸ್ಸಾ?" ಅಂತ ಗಾಬರಿಯಾಗುವುದುಂಟು. 2021ರ ಎರಡನೇ ಅಲೆಯ ಭಯ ಇನ್ನೂ ಪೂರ್ತಿ ಹೋಗಿಲ್ಲ. ಆಗ ಈರುಳ್ಳಿ ಸಿಪ್ಪೆಯ ಮೇಲಿನ ಕಪ್ಪು ಪುಡಿಯಿಂದ, ಫ್ರಿಜ್ಜಿನ ರಬ್ಬರಿನ ಕಪ್ಪಿನಿಂದ ಅದು ಬರುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡಿದ್ದೇ ಓಡಾಡಿದ್ದು. ಅದು ಬೇರೆ ಜಾತಿಯ ಶಿಲೀಂಧ್ರ, ಮ್ಯೂಕರ್ ಬಳಗದ್ದು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಿಗೆ, ಕೋವಿಡ್‌ಗೆ ಸ್ಟೀರಾಯ್ಡ್ ತೆಗೆದುಕೊಂಡು ದೇಹದ ಶಕ್ತಿ ಕುಂದಿದವರಿಗೆ ಹಿಡಿಯಿತು. ಕಪ್ಪಾಗುತ್ತಿದ್ದದ್ದು ಅದು ತಿಂದು ಸಾಯಿಸಿದ ಮಾಂಸ. ಈರುಳ್ಳಿಯ ಕಪ್ಪು ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಗರ್. ಅದನ್ನು ತೊಳೆದು ಎರಡು ಪದರ ತೆಗೆದರೆ ಮುಗಿಯಿತು. ಆ ಗಾಬರಿಯಲ್ಲಿ ಜನ ಈರುಳ್ಳಿ ಎಸೆದರು. ಮಲಗುವ ಕೋಣೆಯ ಗೋಡೆ ಇದ್ದ ಹಾಗೇ ಇತ್ತು.

ಅಡಿಕೆಗಾದರೆ ನಿದ್ದೆ ಬರುವುದಿಲ್ಲ

ನನ್ನ ತವರು ಕೊಪ್ಪದ ಕಡೆ. ಮಳೆಗಾಲದಲ್ಲಿ ಅಲ್ಲಿ ಬೂಷ್ಟು ಹಿಡಿಯದ ವಸ್ತು ಹುಡುಕಬೇಕು. ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು, ದೇವರ ಮನೆಯ ಮಣೆ. ಹಳೇ ಹೆಂಚಿನ ಮನೆಯಲ್ಲಿ ಇದಕ್ಕೆಲ್ಲ ಅದರದೇ ಆದ ವ್ಯವಸ್ಥೆ ಇತ್ತು. ಮಳೆ ಹೊಡೆಯುವ ಕಡೆಯ ಗೋಡೆಗೆ ಜೂನ್ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಗೋಡೆಗೆ ಸುಣ್ಣ. ಸುಣ್ಣದ ಖಾರಕ್ಕೆ ಬೂಷ್ಟು ಸುಲಭಕ್ಕೆ ಹತ್ತುವುದಿಲ್ಲ, ಗೋಡೆ ಕುಡಿದ ನೀರು ಅದರ ಮೂಲಕ ಆರಿಹೋಗಲಿಕ್ಕೂ ದಾರಿ ಇರುತ್ತದೆ. ಹೆಂಚಿನ ಸಂದಿನಲ್ಲಿ ಗಾಳಿ ಆಡುತ್ತಿತ್ತು. ಅಡುಗೆ ಒಲೆ, ಬಚ್ಚಲ ಒಲೆ ಎರಡೂ ಹೆಚ್ಚುಕಮ್ಮಿ ದಿನವಿಡೀ ಬೆಚ್ಚಗಿದ್ದು ಅಟ್ಟವನ್ನು ಒಣಗಿಸಿ ಇಡುತ್ತಿದ್ದವು. ಹಾಗಂತ ಹಳೇ ಮನೆಯೇ ಚಿನ್ನ ಅಂತ ಹಾಡುವವಳು ನಾನಲ್ಲ. ಆ ಹೊಗೆ ಕುಡಿದೇ ನಮ್ಮ ಅಜ್ಜಿಗೆ ಗೂರಲು ಬಂದದ್ದು, ಮಾಳಿಗೆ ಹತ್ತಲಾರದೆ ಹೋದದ್ದು.

ಈಗ ಅಲ್ಲಿ ತಾರಸಿ ಮನೆ. ಸಿಮೆಂಟು, ಪುಟ್ಟಿ, ಎಮಲ್ಷನ್, ಸೊಳ್ಳೆ ಬರದಂತೆ ಬಿಗಿಯಾದ ಕಿಟಕಿ. ಬಚ್ಚಲ ಒಲೆಯ ಜಾಗಕ್ಕೆ ಗೀಸರ್. ಜುಲೈನಲ್ಲಿ ಹೋದರೆ ಗೆಸ್ಟ್ ರೂಮಿನ ಸೂರಿನ ಮೂಲೆಯಲ್ಲಿ ಕಪ್ಪು ಮೋಡ. ಅಪ್ಪನನ್ನು ಕೇಳಿದೆ. "ಬಿಡೆ, ದೀಪಾವಳಿ ಹೊತ್ತಿಗೆ ಪೇಂಟ್ ಹೊಡೆಸಿದರಾಯ್ತು" ಅಂದರು. ಅದೇ ಅಪ್ಪ ಅಡಿಕೆ ಒಣಗಿಸುವ ಹೊತ್ತಲ್ಲಿ ಮೋಡ ಕವಿದರೆ ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಪಲ್ ಸರಿ ಇದೆಯಾ ನೋಡಿ ಬರುತ್ತಾರೆ. ಒಂದು ಹಿಡಿ ಅಡಿಕೆ ಕೈಗೆತ್ತಿಕೊಂಡು ಮೂಸುತ್ತಾರೆ, ಹಲ್ಲಲ್ಲಿ ಕಚ್ಚಿ ನೋಡುತ್ತಾರೆ, ತೊಟ್ಟಿನ ಹತ್ತಿರ ಒಂಚೂರು ಬಿಳಿ ಕಂಡರೆ ಇಡೀ ರಾಶಿ ಕೆದಕುತ್ತಾರೆ. ಮಂಡಿಯಲ್ಲಿ ಬೂಷ್ಟು ಹಿಡಿದ ಅಡಿಕೆಗೆ ಏನು ಮರ್ಯಾದೆ ಅಂತ ಅವರಿಗೆ ಗೊತ್ತು. ಬೂಷ್ಟು ಅಂದರೆ ಏನು, ಅದು ಯಾಕೆ ಬರುತ್ತದೆ, ತಡೆಯುವುದು ಹೇಗೆ ಅಂತ ಅಪ್ಪನಿಗೆ ಯಾರೂ ಕಲಿಸಬೇಕಾಗಿಲ್ಲ. ಆ ತಿಳಿವಳಿಕೆ ಅಂಗಳ ದಾಟಿ ಮಲಗುವ ಕೋಣೆಗೆ ಬರುವುದಿಲ್ಲ ಅಷ್ಟೇ. ಯಾಕೆಂದರೆ ಗೋಡೆಗೆ ಬಂದ ಬೂಷ್ಟಿನ ನಷ್ಟಕ್ಕೆ ಕ್ವಿಂಟಾಲಿನ ಲೆಕ್ಕ ಇಲ್ಲ.

ಯಾರ ಗೋಡೆ

ಸ್ವಂತ ಮನೆಯಲ್ಲಿ ಇಷ್ಟು ಉದಾಸೀನ ಇರುವಾಗ ಬಾಡಿಗೆ ಮನೆಯ ಕಥೆ ಕೇಳಬೇಕಾ. ಗೋಡೆ ಒಬ್ಬರದು, ಉಸಿರಾಡುವವರು ಇನ್ನೊಬ್ಬರು. ಇಂಗ್ಲೆಂಡಿನ ರಾಚ್‌ಡೇಲ್ ಅನ್ನುವ ಊರಿನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಅನ್ನುವ ಎರಡು ವರ್ಷದ ಮಗು ತೀರಿಕೊಂಡಿತು. ಸುಡಾನಿನಿಂದ ಬಂದ ಕುಟುಂಬ, ವಸತಿ ಸಂಸ್ಥೆಯೊಂದರ ಬಾಡಿಗೆ ಫ್ಲಾಟು, ಗೋಡೆ ತುಂಬಾ ಬೂಷ್ಟು. ಮಗು ಹುಟ್ಟುವ ಮುಂಚೆಯೇ, 2017ರಲ್ಲಿ, ಅಪ್ಪ ದೂರು ಕೊಟ್ಟಿದ್ದರು. ಮೇಲೆ ಪೇಂಟ್ ಹೊಡೀರಿ ಅನ್ನುವ ಉತ್ತರ ಬಂದಿತ್ತು. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಆ ಮನೆಯವರ ಜೀವನಶೈಲಿಯಿಂದಲೇ ಹೀಗಾಗುತ್ತಿದೆ ಅಂತಲೂ ಸಂಸ್ಥೆಯವರು ಅಂದುಕೊಂಡಿದ್ದರಂತೆ. ಮಗುವಿನ ಸಾವಿಗೆ ಬೂಷ್ಟೇ ಕಾರಣ ಅಂತ 2022ರ ನವೆಂಬರಿನಲ್ಲಿ ಕರೋನರ್, ಅಂದರೆ ಸಾವಿನ ಕಾರಣ ವಿಚಾರಣೆ ಮಾಡುವ ಅಧಿಕಾರಿ, ತೀರ್ಪು ಕೊಟ್ಟರು. ಆಮೇಲೆ ಆ ಮಗುವಿನ ಹೆಸರಿನಲ್ಲೇ ಕಾನೂನು ಬಂತು. ಸಾಮಾಜಿಕ ವಸತಿ ಮನೆಗಳಿಗೆ ಅದು 2025ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ತೇವ, ಬೂಷ್ಟಿನಿಂದ ಅಪಾಯ ಇದೆ ಅಂತ ದೂರು ಬಂದರೆ ಮನೆ ಕೊಟ್ಟವರು 10 ಕೆಲಸದ ದಿನಗಳ ಒಳಗೆ ಪರೀಕ್ಷೆ ಮಾಡಬೇಕು, ಆರೋಗ್ಯಕ್ಕೆ ತಕ್ಷಣದ ದೊಡ್ಡ ಅಪಾಯ ಇದ್ದರೆ 24 ಗಂಟೆಯೊಳಗೆ.

ಇಲ್ಲಿ ನಮ್ಮ ಓನರ್ ಹೇಳಿದ್ದು, "ನೀವು ಬಟ್ಟೆ ಒಳಗೆ ಒಣಗಿಸ್ತೀರಲ್ಲಮ್ಮ, ಅದಕ್ಕೇ." ಟೆರೇಸ್ ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತು. ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗ್ ಚಾರ್ಜ್ ಅಂತ ಹಿಡಿದುಕೊಂಡರು. ಆ ಗೋಡೆಯ ಬೂಷ್ಟಿನ ಮೇಲೆ ಬಳಿಯುವುದಕ್ಕೂ ದುಡ್ಡು ನಮ್ಮದೇ. ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ಮಾದರಿ ಬಾಡಿಗೆ ಕಾಯ್ದೆಯ ಕೊನೆಯಲ್ಲಿ ಯಾವ ರಿಪೇರಿ ಯಾರದು ಅಂತ ಒಂದು ಪಟ್ಟಿ ಇದೆ. ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣ ಬಣ್ಣ, ಬೇಕಾದಾಗ ಪೈಪ್ ಬದಲಿಸುವುದು ಓನರ್ ಪಾಲಿಗೆ. ನಲ್ಲಿಯ ವಾಷರ್, ಮೋರಿ ಕ್ಲೀನಿಂಗ್ ತರಹದ್ದು ಬಾಡಿಗೆಯವರ ಪಾಲಿಗೆ. ಆದರೆ ಅದು ಹೆಸರಿಗೆ ತಕ್ಕಂತೆ ಮಾದರಿ. ರಾಜ್ಯಗಳು ತೆಗೆದುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಈಗಿನ ಮನೆಯ ಅಗ್ರಿಮೆಂಟಿನಲ್ಲಿ ನಾನು ಹಟ ಹಿಡಿದು ಒಂದು ಸಾಲು ಹಾಕಿಸಿದ್ದೇನೆ. ನೀರು ಸೋರಿ ಗೋಡೆ ಹಾಳಾದರೆ ಸೋರುವ ಜಾಗ ಸರಿ ಮಾಡಿಸುವುದು ಓನರ್ ಜವಾಬ್ದಾರಿ ಅಂತ. ಬ್ರೋಕರ್ ನಕ್ಕ. ಓನರ್ ಆಂಟಿ ಮಾತ್ರ ತಕರಾರು ಮಾಡದೆ ಸೈನ್ ಹಾಕಿದರು. ಅವರಿಗೂ ಉಬ್ಬಸ ಇದೆಯಂತೆ.

ರೆಕಾರ್ಡ್ ರೂಮು

ಆಫೀಸಿನ ಗಾಳಿಯ ಬಗ್ಗೆ ಯಾರೂ ಮಾತಾಡುವುದಿಲ್ಲ, ದಿನದ ಎಂಟು ಗಂಟೆ ಅಲ್ಲೇ ಕಳೆದರೂ. ನಮ್ಮ ರೆಕಾರ್ಡ್ ರೂಮು ಇರುವುದು ಬೇಸ್‌ಮೆಂಟಿನಲ್ಲಿ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಹಳೇ ಫೈಲುಗಳು, ಗೋಡೆಗೆ ಒತ್ತಿಕೊಂಡ ಕಬ್ಬಿಣದ ರ‍್ಯಾಕುಗಳು, ಪಕ್ಕದಲ್ಲೇ ಸಂಪು. ಅಲ್ಲಿಂದ ಫೈಲ್ ತಂದುಕೊಡುವ ಅಟೆಂಡರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯುವುದು. ಕಟ್ಟು ಬಿಚ್ಚಿ ಮೇಜಿಗೆ ಒಂದು ಸಲ ಕುಟ್ಟಿದರೆ ಮುಗ್ಗಲು ಪುಡಿ ಹಾರುತ್ತದೆ. ಅಣ್ಣ ಮುಖ ಆ ಕಡೆ ತಿರುಗಿಸಿ, ಉಸಿರು ಹಿಡಿದು ಕುಟ್ಟುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಭಾನುವಾರ ಆರಾಮಂತೆ, ಸೋಮವಾರ ಸಂಜೆ ಎದೆ ಬಿಗಿಯುತ್ತದಂತೆ, ಶುಕ್ರವಾರದ ಹೊತ್ತಿಗೆ ಮಾತಾಡಿದರೆ ಕೆಮ್ಮು. ಕೆಲಸಕ್ಕೆ ಬಂದಾಗ ಜಾಸ್ತಿ, ರಜೆಯಲ್ಲಿ ಕಮ್ಮಿ ಅನ್ನುವ ಈ ಲಯ ಡಾಕ್ಟರಿಗೆ ಹೇಳಲೇಬೇಕಾದ ವಿಷಯ. ನೀವು ಹೇಳಿದ್ರಾ ಅಂತ ಕೇಳಿದೆ. "ಅವ್ರು ಕೇಳಲಿಲ್ಲ ಮೇಡಂ, ನಾನೂ ಹೇಳಲಿಲ್ಲ. ಕೆಲಸದ ವಿಷ್ಯ ಅವರಿಗ್ಯಾಕೆ?"

ಹೇಳಬೇಕಾದ್ದು ಯಾಕೆ ಅಂದರೆ ಇದು ಬರೀ ಅಲರ್ಜಿಯಲ್ಲೇ ನಿಲ್ಲಬೇಕು ಅಂತೇನಿಲ್ಲ. ಬೂಷ್ಟಿನ ಪುಡಿಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಳೆದುಕೊಂಡರೆ ಕೆಲವರ ಶ್ವಾಸಕೋಶವೇ ಉರಿದು, ಕಡೆಗೆ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ ಒಂದಿದೆ. ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಅನ್ನುತ್ತಾರೆ. ಪಾರಿವಾಳದ ಹಿಕ್ಕೆಯ ಧೂಳಿನಿಂದಲೂ ಅದು ಬರುತ್ತದೆ. ನಮ್ಮ ದೇಶದ 27 ಆಸ್ಪತ್ರೆ ಕೇಂದ್ರಗಳಲ್ಲಿ ಶ್ವಾಸಕೋಶ ಗಟ್ಟಿಯಾಗುವ ಬಗೆಯ ಕಾಯಿಲೆಗಳ 1,084 ರೋಗಿಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚುಕಮ್ಮಿ ಅರ್ಧ ಜನರಿಗೆ ಇದೇ ಇತ್ತು, ಶೇ 47. ಅವರಲ್ಲೂ ಹೆಚ್ಚುಕಮ್ಮಿ ಅರ್ಧ ಜನ ಏರ್ ಕೂಲರ್ ಗಾಳಿಯಲ್ಲಿ ಇದ್ದವರು. ಕೂಲರಿನ ಹುಲ್ಲಿನ ಪ್ಯಾಡು ಬೇಸಿಗೆಯಿಡೀ ಒದ್ದೆ, ಅದರ ಮೂಲಕವೇ ಗಾಳಿ ಬಂದು ಮುಖಕ್ಕೆ ಬಡಿಯುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಕೂಲರ್ ಇಲ್ಲದೆ ಏಪ್ರಿಲ್ ಕಳೆಯಲಾಗದು, ನನಗೆ ಗೊತ್ತು. ಆದರೆ ಹೋದ ವರ್ಷದ ಪ್ಯಾಡನ್ನೇ ಈ ವರ್ಷವೂ ಹಾಕಬೇಡಿ, ನೀರು ಬದಲಿಸದೆ ತಿಂಗಳು ಓಡಿಸಬೇಡಿ. ಏಸಿ ಹಾಕಿದ ಮೊದಲ ಐದು ನಿಮಿಷ ಒದ್ದೆ ಸಾಕ್ಸಿನ ವಾಸನೆ ಬಂದರೆ ರೂಮ್ ಫ್ರೆಶ್ನರ್ ಹೊಡೆಯುವ ಬದಲು ಟ್ರೇ ಕ್ಲೀನ್ ಮಾಡಿಸಿ.

ಅಣ್ಣನ ಪರವಾಗಿ ನಾನು ಆಡಳಿತ ಶಾಖೆಗೆ ಒಂದು ಟಿಪ್ಪಣಿ ಬರೆದೆ. ಬೇಸ್‌ಮೆಂಟಿನಲ್ಲಿ ತೇವ, ಬೂಷ್ಟು, ಸಿಬ್ಬಂದಿಯ ಆರೋಗ್ಯಕ್ಕೆ ತೊಂದರೆ, ದಯವಿಟ್ಟು ಗಮನಿಸಿ ಅಂತ. ಅದು ಯಾವ ಮೇಜಿನ ಮೇಲೆ ಮಲಗಿತೋ ಗೊತ್ತಿಲ್ಲ, ಮಳೆಗಾಲ ಮುಗಿದರೂ ಉತ್ತರ ಇಲ್ಲ. ಆಮೇಲೆ ನಮ್ಮ ಸೆಕ್ಷನ್ನಿನ ಹಿರಿಯರೊಬ್ಬರು, "ಹಂಗೆ ಬರೆದ್ರೆ ಆಗಲ್ಲಮ್ಮ, ಕೊಡು ಇಲ್ಲಿ" ಅಂತ ಬೇರೆ ಬರೆದುಕೊಟ್ಟರು. ಆಡಿಟ್‌ಗೆ ಬೇಕಾದ ಮೂಲ ದಾಖಲೆಗಳು ಬೂಷ್ಟು ಹಿಡಿದು ಓದಲಾಗದಂತಾಗುತ್ತಿವೆ, ಮುಂದೆ ಆಕ್ಷೇಪಣೆ ಬಂದರೆ ಈ ಶಾಖೆ ಹೊಣೆಯಲ್ಲ. ಅಣ್ಣನ ಕೆಮ್ಮಿನ ಸುದ್ದಿಯೇ ಅದರಲ್ಲಿರಲಿಲ್ಲ. ಅದೇ ವಾರ ಎಂಜಿನಿಯರ್ ಬಂದರು. ಸಂಪಿನ ಪಕ್ಕದ ಗೋಡೆ ಒಡೆದು ನೋಡಿದರು, ಒಸರುತ್ತಿದ್ದ ಕಡೆ ಕಟ್ಟಿಸಿದರು, ಎಕ್ಸಾಸ್ಟ್ ಫ್ಯಾನ್ ಮಂಜೂರು ಮಾಡಿದರು. ರ‍್ಯಾಕುಗಳನ್ನು ಗೋಡೆಯಿಂದ ಒಂದು ಅಡಿ ಈಚೆಗೆ ಸರಿಸಬೇಕು ಅಂತ ಲಿಖಿತ ಆದೇಶವೂ ಬಂತು, ಫೈಲುಗಳಿಗೆ ಗಾಳಿಯಾಡಲಿ ಅಂತ. ಸರಿಸುವ ಕೆಲಸ ಅಣ್ಣನದೇ. ಎನ್95 ಮಾಸ್ಕಿಗೆ ಬಜೆಟ್ ಹೆಡ್ ಇಲ್ಲವಂತೆ, ಒಂದು ಬಾಕ್ಸು ನಾವೇ ನಾಲ್ಕು ಜನ ದುಡ್ಡು ಹಾಕಿ ತಂದುಕೊಟ್ಟಿದ್ದೇವೆ.